ಏರಿದ ಹಾಯಿ ಇಳಿಯಲಿಲ್ಲ: 'ಸಂಪೂರ್ಣ ಗಾಫ್ ಸೆಟ್' ಕೊಳ್ಳುವವರಿಗೆ

ಹಳೆಯ ಮರದ ದೋಣಿಗೆ ಹಾಯಿ ಕಟ್ಟಬೇಕೆಂದು ಅಂತರ್ಜಾಲದಲ್ಲಿ 'ಸಂಪೂರ್ಣ ಗಾಫ್ ಸೆಟ್', ಅಂದರೆ ಹಾಯಿ ಹೊರುವ ಓರೆಮರ ಮತ್ತು ಅದರ ಹಗ್ಗಗಳನ್ನು, ಹುಡುಕುತ್ತಿರುವವರು ಹಣ ಕಳುಹಿಸುವ ಮೊದಲು ಇದನ್ನು ಓದಿ. ಕಳೆದ ಭರಣಿ ಮಳೆಯ ಹೊತ್ತಿಗೆ ಬೀದರ್ ಜಿಲ್ಲೆಯ ಕಾರಂಜಾ ಜಲಾಶಯದಲ್ಲಿ ನಾನೂ ನನ್ನ ಅಕ್ಕನ ಮಗನೂ ನೀರಿಗೆ ಬಿದ್ದು ಬದುಕಿ ಬಂದೆವು. ತಪ್ಪು ಅರ್ಧ ಮಾರಿದವನದು, ಅರ್ಧ ನನ್ನದು.

ದೋಣಿ ಹನ್ನೆರಡು ಅಡಿಯದು. ಕಾರವಾರದಲ್ಲಿ ಕೆಲಸದಲ್ಲಿದ್ದಾಗ ಕೊಂಡದ್ದನ್ನು ನಿವೃತ್ತಿಯಾದ ಮೇಲೆ ಲಾರಿಯಲ್ಲಿ ಹೇರಿಕೊಂಡು ಭಾಲ್ಕಿಗೆ ತಂದೆ. ಬಿಸಿಲ ನಾಡಿಗೆ ಹಾಯಿದೋಣಿಯೇ ಎಂದು ಬೀದಿಯವರೆಲ್ಲ ನಕ್ಕರು. ಮಾಂಜ್ರಾ ನದಿಯ ಉಪನದಿಗೆ ಕಟ್ಟಿದ ಈ ಜಲಾಶಯದಲ್ಲಿ ಬೇಸಿಗೆಯಲ್ಲೂ ಹಾಯಿ ಬಿಡುವಷ್ಟು ನೀರಿತ್ತು. ಅನುಮತಿಯ ಕಾಗದಕ್ಕಾಗಿ ಅಲೆದ ಕಥೆ ಬೇರೆಯೇ ಇದೆ, ಅದು ಇಲ್ಲಿ ಬೇಡ.

ಗಾಫ್ ಎಂದರೆ ನಾಲ್ಕು ಮೂಲೆಯ ಹಾಯಿಯ ಮೇಲಂಚನ್ನು ಹೊತ್ತು ಓರೆಯಾಗಿ ನಿಲ್ಲುವ ಮರ. ಅದರ ಒಂದು ತುದಿಯಲ್ಲಿ ಕವಲೊಡೆದ ದವಡೆ ಇರುತ್ತದೆ. ಅದು ದೋಣಿಯ ಕಂಬವನ್ನು ಹಿಂದಿನಿಂದ ಕಚ್ಚಿಕೊಂಡು ಮೇಲೆ ಕೆಳಗೆ ಜಾರಬೇಕು. ದವಡೆ ಕಳಚದಿರಲೆಂದು ಕಂಬದ ಮುಂಭಾಗದಲ್ಲಿ ಮರದ ಮಣಿಗಳನ್ನು ಪೋಣಿಸಿದ ಹಗ್ಗ ಕಟ್ಟುತ್ತಾರೆ, ಎತ್ತಿನ ಕೊರಳಿನ ಮಣಿಸರದಂತೆ. ಮಣಿ ಉರುಳುವುದರಿಂದ ದವಡೆ ಸಿಕ್ಕಿಕೊಳ್ಳುವುದಿಲ್ಲ. ನನಗೆ ಬಂದ ಸೆಟ್ಟಿನಲ್ಲಿ ಮಣಿಸರವೇ ಇರಲಿಲ್ಲ. ಫೋನ್ ಮಾಡಿದರೆ ಮಾರಿದವನು, "ಅದು ಅಲಂಕಾರಕ್ಕೆ ಸರ್, ಬೇಕಾಗಿಲ್ಲ" ಎಂದ. ನಾನು ನಂಬಿದೆ. ನಲವತ್ತು ವರ್ಷ ಲೆಕ್ಕಪತ್ರ ತಪಾಸಣೆ ಮಾಡಿದವನು ಒಂದು ಮಾತಿಗೆ ನಂಬಿಬಿಟ್ಟೆ!

ಎರಡನೆಯದು ಹಗ್ಗ. ಗಾಫ್ ಏರಿಸಲು ಎರಡು ಹಗ್ಗಗಳು ಬೇಕು. ದವಡೆಯ ಕಡೆಯದು ಥ್ರೋಟ್ ಹ್ಯಾಲ್ಯಾರ್ಡ್, ಹೊರತುದಿಯ ಕಡೆಯದು ಪೀಕ್ ಹ್ಯಾಲ್ಯಾರ್ಡ್. ಎರಡನ್ನೂ ಒಟ್ಟಿಗೆ ಎಳೆದು ಗಾಫನ್ನು ಸಮವಾಗಿ ಏರಿಸಬೇಕು. ಮೊದಲು ಥ್ರೋಟ್ ಬಿಗಿ ಮಾಡಿ ಕಟ್ಟಿ, ಆಮೇಲೆ ಪೀಕ್ ಎಳೆಯಬೇಕು. ಗಾಫಿನ ತುದಿಯಿಂದ ಕಂಬದ ಬುಡದ ಮೂಲೆಗೆ ಹಾಯಿಯಲ್ಲಿ ಸಣ್ಣ ಸುಕ್ಕು ಬಿದ್ದರೆ ಸಾಕು, ಗಾಳಿ ತುಂಬಿದಾಗ ಅದು ಮಾಯವಾಗುತ್ತದೆ. ಇದಕ್ಕೆ ಹಿಗ್ಗದ ಪಾಲಿಯೆಸ್ಟರ್ ಹಗ್ಗವೇ ಆಗಬೇಕು. ನನಗೆ ಕಳುಹಿಸಿದ್ದು ನೈಲಾನ್. ಎಳೆದರೆ ಹಿಗ್ಗುತ್ತದೆ ಎಂಬ ಕಾರಣಕ್ಕೇ ಅದು ಲಂಗರಿಗೆ ಒಳ್ಳೆಯದು, ಹಾಯಿಗೆ ಕೆಟ್ಟದ್ದು. ನೀರಿಗಿಳಿದ ಅರ್ಧ ಗಂಟೆಯಲ್ಲಿ ಗಾಫಿನ ತುದಿ ಜೋಲುಬಿತ್ತು, ಹಾಯಿ ಗೋಣಿಚೀಲದಂತಾಯಿತು. ನಾನು ಪೀಕ್ ಹಗ್ಗವನ್ನು ಇನ್ನಷ್ಟು ಜಗ್ಗಿ ಗೂಟಕ್ಕೆ ಗಂಟಿನ ಮೇಲೆ ಗಂಟು ಹಾಕಿದೆ.

ಮೂರನೆಯ ತಪ್ಪು ಪೂರ್ತಿ ನನ್ನದು. ಹಾಯಿಯ ಅಂಚನ್ನು ಕಂಬಕ್ಕೆ ಹೆಣೆಯುವಾಗ ಹಗ್ಗವನ್ನು ಬಳ್ಳಿ ಸುತ್ತಿದಂತೆ ಸುತ್ತುತ್ತ ಹೋದೆ. ನೋಡಲು ಬಹಳ ಅಂದ. ಹಾಗೆ ಸುತ್ತಿದರೆ ಹಾಯಿ ಇಳಿಸುವಾಗ ಪ್ರತಿ ಸುತ್ತೂ ಕಂಬವನ್ನು ಅಪ್ಪಿ ಹಿಡಿಯುತ್ತದೆ. ಹಾಯಿಯಂಚಿನ ಒಂದು ಕಣ್ಣಿನಿಂದ, ಅಂದರೆ ತೂತಿನಿಂದ, ಹೊರಟ ಹಗ್ಗ ಕಂಬದ ಮುಂದಿನಿಂದ ಬಂದು, ಮೇಲಿನ ಕಣ್ಣಿಗೆ ಹೊಕ್ಕು, ಮತ್ತೆ ಮುಂದಿನಿಂದಲೇ ಹಿಂದಿರುಗಬೇಕು. ಪೂರ್ತಿ ಸುತ್ತು ಎಲ್ಲಿಯೂ ಬೀಳಬಾರದು. ಆಗ ಕೈಬಿಟ್ಟ ಕೂಡಲೇ ಸಡಿಲವಾಗುತ್ತದೆ. ಇದು ಗೊತ್ತಾದದ್ದು ಆಮೇಲೆ.

ಸಂಜೆ ನಾಲ್ಕರ ಹೊತ್ತಿಗೆ ನೈರುತ್ಯದಲ್ಲಿ ಮೋಡ ಕಪ್ಪಾಯಿತು. ಮೀನುಗಾರರು ಬಲೆ ಎತ್ತಿ ದಡಕ್ಕೆ ಹೊರಟಿದ್ದರು. ಒಬ್ಬ ಅಜ್ಜ, "ಸಾಹೇಬರೇ, ಗಾಳಿ ಬರುತ್ತದೆ, ದಡ ಹಿಡಿಯಿರಿ" ಎಂದು ಕೂಗಿದ. ಹಾಯಿದೋಣಿಗೆ ಗಾಳಿಯೇ ಅಲ್ಲವೇ ಬೇಕಾದದ್ದು ಎಂದು ನಾನು ನಕ್ಕು ಕೈಬೀಸಿದೆ. ಬೇಸಿಗೆಯ ಗುಡುಗುಮಳೆಯಲ್ಲಿ ಹನಿಗಿಂತ ಮೊದಲು ಮೋಡದಿಂದ ಇಳಿದ ತಣ್ಣನೆಯ ಗಾಳಿ ನುಗ್ಗುತ್ತದೆ. ಅದು ನೀರಿನ ಮೇಲೆ ಗೀರು ಎಳೆದಂತೆ ಬಂದದ್ದು ಕಂಡಿತು, ಅಷ್ಟರಲ್ಲಿ ದೋಣಿ ಒಂದು ಮಗ್ಗುಲಿಗೆ ಮಲಗಿತ್ತು.

ಥ್ರೋಟ್ ಬಿಚ್ಚಿದೆ. ಹಾಯಿ ಒಂದು ಮೊಳ ಇಳಿದು ನಿಂತಿತು. ಪೀಕ್ ಹಗ್ಗವನ್ನು ಮೊದಲು ಬಿಟ್ಟಿದ್ದರೆ ಗಾಫ್ ಜೋತುಬಿದ್ದು ಗಾಳಿಯ ಬಹುಪಾಲು ಚೆಲ್ಲಿಹೋಗುತ್ತಿತ್ತು, ಆದರೆ ನನ್ನ ಗಂಟುಗಳು ಬಿಚ್ಚಲಿಲ್ಲ. "ಮಾಮಾ, ಹಗ್ಗ ಕೊಯ್ಯಿರಿ!" ಎಂದು ಹುಡುಗ ಕಿರುಚಿದ. ಚಾಕು ಬುತ್ತಿಯ ಚೀಲದಲ್ಲಿ, ಮಾವಿನಕಾಯಿಯ ಜೊತೆಗಿತ್ತು. ಅಷ್ಟರಲ್ಲಿ ದವಡೆ ಕಂಬದಿಂದ ಕಳಚಿ, ಗಾಫ್ ಬೀಸಿ ಬಂದು ಅವನ ಭುಜಕ್ಕೆ ಬಡಿಯಿತು. ದೋಣಿ ಮಗುಚಿತು.

ಅವನು ಲೈಫ್ ಜಾಕೆಟ್ ಹಾಕಿಕೊಂಡಿದ್ದ. ನನ್ನದನ್ನು ನಾನು ಕೂರುವ ದಿಂಬು ಮಾಡಿಕೊಂಡಿದ್ದೆ. ಮರದ ದೋಣಿ ನೀರು ತುಂಬಿದರೂ ತೇಲುತ್ತಿತ್ತು, ಅದನ್ನೇ ತಬ್ಬಿಕೊಂಡೆವು. ಕೂಗಿ ಹೇಳಿದ ಅಜ್ಜನೇ ದೋಣಿ ತಿರುಗಿಸಿಕೊಂಡು ಬಂದು ಎಳೆದುಕೊಂಡ. ಹುಡುಗನ ಕೊರಳೆಲುಬು ಸೀಳಿತ್ತು, ಆರು ವಾರ ಕೈ ಜೋಳಿಗೆಯಲ್ಲಿತ್ತು. ಅಕ್ಕ ಈಗಲೂ ನನ್ನೊಂದಿಗೆ ಸರಿಯಾಗಿ ಮಾತನಾಡುವುದಿಲ್ಲ.

ಬಂಡಿ ಮಾಡುವ ಬಡಗಿಯೊಬ್ಬರಿಂದ ಜಾಲಿ ಮರದ ಹನ್ನೆರಡು ಮಣಿ ಕಡೆಸಿ, ದವಡೆಗೆ ತೊಗಲು ಹೊದಿಸಿ ಮೇಣ ಬಳಿದಿದ್ದೇನೆ. ದೋಣಿ ಅಂಗಳದಲ್ಲೇ ಇದೆ. ಗಾಳಿ ಬೀಸಿದ ದಿನ ಹಾಯಿ ಏರಿಸುತ್ತೇನೆ, ಕೈಬಿಡುತ್ತೇನೆ, ತಾನಾಗಿ ಬುಡದವರೆಗೆ ಇಳಿಯುತ್ತದೆಯೇ ನೋಡುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಇಳಿಯುತ್ತಿದೆ. ಹತ್ತನೆಯದೂ ಇಳಿಯುವವರೆಗೆ ನೀರಿಗಿಲ್ಲ.

ಮಾರಿದವನ ಜಾಹೀರಾತು ಮೊನ್ನೆಯೂ ಕಂಡಿತು. ಅದೇ ಚಿತ್ರ, ಅದೇ 'ಸಂಪೂರ್ಣ' ಎಂಬ ಪದ. ಕೇಳುವುದಿದ್ದರೆ ಬೆಲೆಗಿಂತ ಮೊದಲು ಮಣಿಸರ ಎಲ್ಲಿದೆ ಎಂದು ಕೇಳಿ.