ಬ್ಯಾಟರಿ ಬೋರ್ಡಿಗೆ ಎಎಂಎಸ್1117 ಹಾಕುವ ಮುನ್ನ ಇದನ್ನು ಓದಿ

ಮಣ್ಣಿನ ತೇವ, ಗಾಳಿಯ ಉಷ್ಣಾಂಶ ಅಳೆಯುವ ಇಎಸ್‌ಪಿ32 (ವೈಫೈ ಇರುವ ಮೈಕ್ರೋಕಂಟ್ರೋಲರ್ ಚಿಪ್) ಬೋರ್ಡುಗಳು ರಿಪೇರಿಗೆ ಬಂದಿದ್ದವು. 2500 ಎಂಎಎಚ್ (ಮಿಲಿಆಂಪ್-ಅವರ್) ಸಾಮರ್ಥ್ಯದ ಒಂದು 18650 ಲಿಥಿಯಂ ಸೆಲ್ ವರ್ಷ ಬಾಳಬೇಕೆಂಬ ಲೆಕ್ಕ; ಎರಡು ವಾರಕ್ಕೇ ಖಾಲಿ. ಕೋಡ್ ಸರಿಯಿತ್ತು, ಚಿಪ್ ಡೀಪ್ ಸ್ಲೀಪ್‌ಗೂ (ಬಹುತೇಕ ಎಲ್ಲವೂ ಆಫ್ ಆಗಿರುವ ನಿದ್ದೆಗೆ) ಹೋಗುತ್ತಿತ್ತು. ಡೆವಲಪ್‌ಮೆಂಟ್ ಬೋರ್ಡಿನ ಸರ್ಕ್ಯೂಟನ್ನು ಇದ್ದ ಹಾಗೇ ಎತ್ತಿಕೊಂಡದ್ದೇ ಮುಳುವಾಗಿತ್ತು.

ಡೀಪ್ ಸ್ಲೀಪ್‌ನಲ್ಲಿ ಇಎಸ್‌ಪಿ32 ಎಳೆಯುವುದು ಸುಮಾರು 10 ಮೈಕ್ರೋಆಂಪ್. ಅದರ ಪಕ್ಕದ ಎಎಂಎಸ್1117 ರೆಗ್ಯುಲೇಟರ್ (ಬ್ಯಾಟರಿಯ ವೋಲ್ಟೇಜನ್ನು 3.3 ವೋಲ್ಟಿಗೆ ಇಳಿಸುವ ಚಿಪ್) ಏನೂ ಲೋಡ್ ಇಲ್ಲದಿದ್ದರೂ ಸುಮಾರು 5 ಮಿಲಿಆಂಪ್ ನುಂಗುತ್ತದೆ, ಅಂದರೆ ದಿನಕ್ಕೆ 120 ಎಂಎಎಚ್. ಪವರ್ ಎಲ್ಇಡಿ 1 ಕೆ ರೆಸಿಸ್ಟರ್ ಮೂಲಕ ಇನ್ನೊಂದು 34 ಎಂಎಎಚ್ ತಿನ್ನುತ್ತದೆ. ಬ್ಯಾಟರಿ ವೋಲ್ಟೇಜ್ ಓದಲು ಹಾಕಿದ ಎರಡು 10 ಕೆ ರೆಸಿಸ್ಟರುಗಳಿಂದ ಮತ್ತೆ 5.

ಇಷ್ಟೇ ಆಗಿದ್ದರೆ ಸೆಲ್ ದೊಡ್ಡದು ಹಾಕಿ ಸುಧಾರಿಸಬಹುದಿತ್ತು. ಆದರೆ ಎಎಂಎಸ್1117ಗೆ ಔಟ್‌ಪುಟ್‌ಗಿಂತ ಸುಮಾರು 1.1 ವೋಲ್ಟ್ ಹೆಚ್ಚು ಇನ್‌ಪುಟ್ ಬೇಕು. ಸೆಲ್ 3.7ಕ್ಕೆ ಇಳಿದಾಗ ಸಿಗುವುದು 2.6 ವೋಲ್ಟ್, ಇಎಸ್‌ಪಿ32 ಮಾಡ್ಯೂಲ್ ಕೇಳುವುದು ಕನಿಷ್ಠ 3.0. ವೈಫೈ ಆನ್ ಆದ ಕ್ಷಣ ಕರೆಂಟ್ ಏರಿ, ವೋಲ್ಟೇಜ್ ಇನ್ನಷ್ಟು ಕುಸಿದು, ಬ್ರೌನ್‌ಔಟ್ ರೀಸೆಟ್ ಆಗುತ್ತದೆ, ಅಂದರೆ ವೋಲ್ಟೇಜ್ ಸಾಲದೆ ಚಿಪ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಎದ್ದ ಚಿಪ್ ಮತ್ತೆ ವೈಫೈ ಹಚ್ಚುತ್ತದೆ, ಮತ್ತೆ ಬೀಳುತ್ತದೆ. ನಿದ್ದೆಗೆ ಹೋಗುವುದೇ ಇಲ್ಲ, ಅಳಿದುಳಿದ ಚಾರ್ಜೂ ಹೀಗೇ ಮುಗಿಯುತ್ತದೆ.

ಬದಲಿಗೆ ಎಂಸಿಪಿ1700 ರೆಗ್ಯುಲೇಟರ್ ಹಾಕಿ ಎಂದು ಹಲವರು ಹೇಳುತ್ತಾರೆ. ಅದರ ಸ್ವಂತ ಖರ್ಚು 1.6 ಮೈಕ್ರೋಆಂಪ್ ಮಾತ್ರ, ನಿಜ. ಆದರೆ ಅದರ ಮಿತಿ 250 ಮಿಲಿಆಂಪ್. ಇಎಸ್‌ಪಿ32ಗೆ 500 ಕೊಡಬಲ್ಲ ಸಪ್ಲೈ ಬೇಕು. ಆರ್‌ಟಿ9080 ಸರಿಹೊಂದುತ್ತದೆ: 600 ಮಿಲಿಆಂಪ್ ಕೊಡುತ್ತದೆ, ತಾನು ತಿನ್ನುವುದು 2 ಮೈಕ್ರೋಆಂಪ್. ಮಾಡ್ಯೂಲಿನ ಪವರ್ ಪಿನ್ನಿಗೆ ಅಂಟಿದಂತೆಯೇ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ. ಎಲ್ಇಡಿ ಬೇಡವೇ ಬೇಡ. ಬ್ಯಾಟರಿ ವೋಲ್ಟೇಜ್ ಓದುವ ಡಿವೈಡರಿಗೆ 10 ಕೆ ಬದಲು ಎರಡು 1 ಮೆಗಾಓಮ್ ರೆಸಿಸ್ಟರ್ ಹಾಕಿ, ಎಡಿಸಿ (ವೋಲ್ಟೇಜ್ ಅಳೆಯುವ) ಪಿನ್ನಿನಿಂದ ಗ್ರೌಂಡಿಗೆ 100 ನ್ಯಾನೋಫ್ಯಾರಡ್ ಕೊಡಿ.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದೇ ಕಷ್ಟ. ಗಾಳಿಯ ಉಷ್ಣಾಂಶ ಅಳೆಯುವ ಬಿಎಂಇ280 ಸೆನ್ಸರಿನ ಸಪ್ಲೈಯನ್ನು ಪಿ-ಮಾಸ್‌ಫೆಟ್‌ನಿಂದ (ಸ್ವಿಚ್‌ನಂತೆ ಬಳಸುವ ಟ್ರಾನ್ಸಿಸ್ಟರಿನಿಂದ) ಕಡಿದಿದ್ದರು, ಆದರೆ ಐ2ಸಿಯ (ಸೆನ್ಸರ್ ಮತ್ತು ಚಿಪ್ ಮಾತಾಡುವ ಡೇಟಾ ತಂತಿಗಳ) 4.7 ಕೆ ಪುಲ್‌ಅಪ್‌ಗಳು, ಅಂದರೆ ತಂತಿಯನ್ನು ಸಪ್ಲೈ ವೋಲ್ಟೇಜಿಗೆ ಎಳೆದಿಡುವ ರೆಸಿಸ್ಟರುಗಳು, ಸದಾ ಇರುವ 3.3 ವೋಲ್ಟಿಗೇ ಉಳಿದಿದ್ದವು. ಆಗ ಕರೆಂಟ್ ಡೇಟಾ ಪಿನ್ನಿನೊಳಗಿನ ರಕ್ಷಣಾ ಡಯೋಡ್ ಮೂಲಕ ಹಿಂಬಾಗಿಲಿನಿಂದ ನುಗ್ಗುತ್ತದೆ. ಇದರಿಂದ ಸೆನ್ಸರೇ ಹಾಳಾಗಬಹುದೆಂದು ಅದರ ಡೇಟಾಶೀಟ್ ಎಚ್ಚರಿಸುತ್ತದೆ. ಪುಲ್‌ಅಪ್‌ಗಳನ್ನು ಮಾಸ್‌ಫೆಟ್‌ನ ಆಚೆಬದಿಗೆ, ಕಡಿದ ಸಪ್ಲೈಗೇ ಕಟ್ಟಿ. ಮಾಸ್‌ಫೆಟ್‌ನ ಗೇಟ್ ಪಿನ್ನಿನಿಂದ ಸೋರ್ಸ್ ಪಿನ್ನಿಗೆ 100 ಕೆ ರೆಸಿಸ್ಟರ್ ಮರೆಯಬೇಡಿ. ಡೀಪ್ ಸ್ಲೀಪ್‌ನಲ್ಲಿ ಗೇಟನ್ನು ನಡೆಸುವ ಪಿನ್ ಯಾವ ವೋಲ್ಟೇಜಿಗೂ ಕಟ್ಟಿಲ್ಲದೆ ತೇಲತೊಡಗಿದರೆ ಮಾಸ್‌ಫೆಟ್ ಅರ್ಧಂಬರ್ಧ ತೆರೆದುಕೊಳ್ಳುತ್ತದೆ.

ಒಟ್ಟಿಗೆ ಹತ್ತಾರು ಬೋರ್ಡ್ ಮಾಡಿಸುವ ಮೊದಲು ಒಂದರ ಸ್ಲೀಪ್ ಕರೆಂಟ್ ಅಳೆಯಿರಿ. ಮೀಟರನ್ನು ನೇರವಾಗಿ ಮೈಕ್ರೋಆಂಪ್ ರೇಂಜಿನಲ್ಲಿಟ್ಟರೆ ಅದರೊಳಗಿನ ಶಂಟ್‌ನಲ್ಲೇ (ಕರೆಂಟ್ ಅಳೆಯುವ ರೆಸಿಸ್ಟರಿನಲ್ಲೇ) ವೋಲ್ಟೇಜ್ ಬಿದ್ದು ಬೋರ್ಡ್ ಬೂಟ್ ಆಗುವುದಿಲ್ಲ. ಮೀಟರಿನ ಎರಡು ತುದಿಗಳಿಗೆ ಜಂಪರ್ ವೈರ್ ಹಾಕಿ ಬೂಟ್ ಮಾಡಿ, ಚಿಪ್ ಮಲಗಿದ ಮೇಲೆ ವೈರ್ ತೆಗೆದು ಓದಿ. 50 ಮೈಕ್ರೋಆಂಪ್ ದಾಟಿದರೆ ಆರ್ಡರ್ ತಡೆಹಿಡಿಯಿರಿ.