ಮ್ಯೊಂಗ್‌ಡಾಂಗ್‌ನಲ್ಲಿ ಕ್ರೀಮ್ ಕೊಳ್ಳುವವರೇ, ದುಡ್ಡು ಕೊಡುವ ಮುಂಚೆ ಡಬ್ಬಿಯ ತಳ ನೋಡಿ

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ಗೆ ಹೋದವರು ಅಲ್ಲಿನ ಅಂಗಡಿ ಬೀದಿ ಮ್ಯೊಂಗ್‌ಡಾಂಗ್ ನೋಡದೆ ಬರುವುದು ಕಮ್ಮಿ. ಮ್ಯೊಂಗ್‌ಡಾಂಗ್ ನೋಡಿದವರು ಸೀರಮ್, ಸನ್‌ಸ್ಕ್ರೀನ್, ಶೀಟ್ ಮಾಸ್ಕ್ ತುಂಬಿಕೊಳ್ಳದೆ ಬರುವುದು ಇನ್ನೂ ಕಮ್ಮಿ. ಆ ಬೀದಿಯ ಒಂದು ಅಂಗಡಿಯಲ್ಲಿ ನನಗೆ ಅವಧಿ ಮುಗಿದ ಕ್ರೀಮ್ ಮಾರಿದರು, ಕೊಡದ ಸಾಮಾನಿಗೆ ಬಿಲ್ ಹಾಕಿದರು, ಕೇಳಲು ಹೋದಾಗ ಪರಿಚಯವೇ ಇಲ್ಲದವರ ಹಾಗೆ ನಡೆದುಕೊಂಡರು. ಅಂಗಡಿಯ ಹೆಸರು ಹಾಕುತ್ತಿಲ್ಲ. ಅದೊಂದನ್ನು ಬಿಟ್ಟು ಪಕ್ಕದ್ದಕ್ಕೆ ಹೋದರೂ ಇದೇ ಆಗಬಹುದು. ಏನೇನು ನೋಡಿಕೊಳ್ಳಬೇಕು ಅನ್ನುವುದು ಗೊತ್ತಿದ್ದರೆ ಯಾವ ಅಂಗಡಿಯಾದರೂ ಸರಿ.

ಅಮ್ಮನ ಕೆನ್ನೆಯಲ್ಲಿ ಬಂಗು ಇದೆ. ಅದಕ್ಕೊಂದು ಕ್ರೀಮ್ ಬೇಕಿತ್ತು. ಬಾಗಿಲಲ್ಲೇ ನಿಂತಿದ್ದ ಹುಡುಗಿ ಒಂದು ಶೀಟ್ ಮಾಸ್ಕನ್ನು ಕೈಗಿಟ್ಟು 'ಫ್ರೀ, ಫ್ರೀ' ಎಂದು ಒಳಗೆ ಕರೆದಳು. ಒಳಗಿದ್ದವಳು ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದಳು. ಅಮ್ಮನ ಫೋಟೊ ನೋಡಿ, ಎರಡೇ ವಾರದಲ್ಲಿ ಕಲೆ ಪೂರ್ತಿ ಮಾಯ ಎಂದಳು. ನನಗೆ ಮೊದಲ ಅನುಮಾನ ಬಂದಿದ್ದು ಅಲ್ಲೇ. ಕೊರಿಯಾದಲ್ಲಿ ಚರ್ಮ ತಿಳಿಯಾಗಿಸುವ, ಸುಕ್ಕು ಕಡಿಮೆ ಮಾಡುವ, ಬಿಸಿಲು ತಡೆಯುವ ಉತ್ಪನ್ನಗಳನ್ನು ಬೇರೆಯೇ ವರ್ಗದಲ್ಲಿಟ್ಟು, ಆಹಾರ ಮತ್ತು ಔಷಧ ಸುರಕ್ಷತಾ ಸಚಿವಾಲಯ ಪರಿಶೀಲಿಸುತ್ತದೆ ನಿಜ. ಆದರೂ ಸೌಂದರ್ಯವರ್ಧಕವನ್ನು ಔಷಧಿ ಅನ್ನುವ ಹಾಗೆ ಪ್ರಚಾರ ಮಾಡಲು ಅಲ್ಲಿನ ಕಾನೂನು ಬಿಡುವುದಿಲ್ಲ. ಚರ್ಮ ತಿಳಿಯಾಗಿಸಲು ಬಳಸುವ ನಯಾಸಿನಮೈಡ್ ಎಂಬ ಅಂಶ ಇರುವ ಕ್ರೀಮಿನಿಂದ ಬಂಗು ಸ್ವಲ್ಪ ತಿಳಿಯಾಗಬಹುದು, ಅದಕ್ಕೂ ತಿಂಗಳುಗಟ್ಟಲೆ ಬೇಕು. ಬಿಸಿಲಿಗೆ ಮುಖ ಒಡ್ಡಿದರೆ ಮತ್ತೆ ಬರುತ್ತದೆ. ಎರಡು ವಾರ ಎನ್ನುವವರ ಮಾತನ್ನು ನಂಬಲೇಬೇಡಿ. ಬಿಸಿಲಿಗೆ ಹಚ್ಚಲು ಒಂದು ಸನ್‌ಸ್ಕ್ರೀನ್, ತಿಳಿಯಾಗಿಸಲು ಒಂದು ಕ್ರೀಮ್, ಇಷ್ಟು ಸಾಕು ಎಂದೆ. ಒಂದು ಆಂಪೂಲ್ (ಸಣ್ಣ ಬಾಟಲಿಯಲ್ಲಿ ಬರುವ ಸಾಂದ್ರ ಸೀರಮ್) ಕೂಡ ಬೇಕೇ ಬೇಕು ಎಂದು ಅದನ್ನೂ ಬುಟ್ಟಿಗೆ ಹಾಕಿದಳು. ಇರಲಿ ಎಂದು ಒಪ್ಪಿದೆ.

ಕೌಂಟರಿನಲ್ಲಿ ಎಲ್ಲವೂ ಗಡಿಬಿಡಿ. ಪಾಸ್‌ಪೋರ್ಟ್ ಕೇಳಿದರು, ತೆರಿಗೆ ಕಳೆದು ಕೊಡುತ್ತೇವೆ ಎಂದರು. ಇದು ನಿಜವಾದ ಸೌಲಭ್ಯವೇ. ಅಲ್ಲಿ ಸಾಮಾನಿನ ಬೆಲೆಯಲ್ಲಿ ಶೇಕಡ 10 ಮೌಲ್ಯವರ್ಧಿತ ತೆರಿಗೆ ಸೇರಿರುತ್ತದೆ. ಒಂದು ಬಿಲ್ 15,000 ವಾನ್ ಮುಟ್ಟಿದರೆ, ಈ ಸೌಲಭ್ಯ ಇರುವ ಅಂಗಡಿಗಳಲ್ಲಿ ವಿದೇಶಿ ಪ್ರವಾಸಿಗಳಿಗೆ ಅದರ ಒಂದು ಭಾಗ ಸ್ಥಳದಲ್ಲೇ ವಾಪಸ್ ಸಿಗುತ್ತದೆ. ಪಾಸ್‌ಪೋರ್ಟ್ ಸ್ಕ್ಯಾನ್, ಕಾರ್ಡ್, ರಸೀದಿ ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ರಸೀದಿಯನ್ನು ಮಡಚಿ ಚೀಲದೊಳಗೆ ಹಾಕಿ, ಚೀಲದ ಬಾಯಿಗೆ ಉದ್ದಕ್ಕೂ ಟೇಪ್ ಅಂಟಿಸಿ ನನ್ನ ಕೈಗೆ ಕೊಟ್ಟರು. ಕಾರ್ಡ್ ಯಂತ್ರ ನಿಮ್ಮ ದೇಶದ ಹಣದಲ್ಲಿ ಕೊಡುತ್ತೀರಾ ಎಂದು ಕೇಳಿದರೆ ಬೇಡ ಅನ್ನಿ, ವಾನ್‌ನಲ್ಲೇ ಕೊಡಿ. ಇಲ್ಲದಿದ್ದರೆ ವಿನಿಮಯ ದರದಲ್ಲಿ ಕೈ ಕಚ್ಚುತ್ತದೆ.

ರೂಮಿಗೆ ಬಂದು ಟೇಪ್ ಕಿತ್ತು ಸಾಮಾನು ಹೊರಗಿಟ್ಟೆ. ಕ್ರೀಮಿನ ಪೆಟ್ಟಿಗೆಯ ತಳದಲ್ಲಿ ಬೆಲೆಯ ಚೀಟಿ ಇತ್ತು. ಬೆಲೆಯ ಚೀಟಿಗೆ ತಳದಲ್ಲೇನು ಕೆಲಸ? ಉಗುರಿನಿಂದ ನಿಧಾನಕ್ಕೆ ಎಬ್ಬಿಸಿದೆ. ಅದರಡಿ ಎರಡು ಸಾಲು ಅಂಕಿಗಳು: ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಎರಡನೇ ಸಾಲಿನ ದಿನಾಂಕ ಆಗಲೇ ದಾಟಿಹೋಗಿತ್ತು. ರಸೀದಿ ಬಿಡಿಸಿ ನೋಡಿದರೆ ಆಂಪೂಲಿನ ಸಾಲು ಎರಡು ಸಲ, 27,000 ವಾನ್‌ನಂತೆ. ಚೀಲದಲ್ಲಿದ್ದದ್ದು ಒಂದೇ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋದೆ. ಹಿಂದಿನ ದಿನ ಅಮ್ಮನ ಫೋಟೊ ನೋಡಿ ಅಷ್ಟೊಂದು ಮಾತಾಡಿದ್ದವಳಿಗೆ ಈಗ ಇಂಗ್ಲಿಷ್ ಬರುತ್ತಿರಲಿಲ್ಲ. ಮೊಬೈಲ್‌ನಲ್ಲಿ ಟೈಪ್ ಮಾಡಿ ಅನುವಾದ ತೋರಿಸಿದಳು: ಸೌಂದರ್ಯವರ್ಧಕ ವಾಪಸ್ ಇಲ್ಲ. ತೆರೆದಿಲ್ಲ, ಸೀಲ್ ಹಾಗೇ ಇದೆ ಎಂದು ತೋರಿಸಿದೆ. ಆಗ ಮಾತು ಬದಲಾಯಿತು, ಅದು ತಯಾರಾದ ದಿನಾಂಕ ಎಂದಳು. ಆಮೇಲೆ ಮ್ಯಾನೇಜರ್ ಬಂದು, ತೆರಿಗೆ ವಾಪಸ್ ಪಡೆದಾಗಿದೆ, ಇನ್ನು ಬಿಲ್ ಮುಟ್ಟಲು ಆಗುವುದಿಲ್ಲ ಎಂದರು. ಹೀಗೆ ಒಂದೊಂದೇ ನೆಪ. ಅಷ್ಟರಲ್ಲಿ ಹೊಸ ಗಿರಾಕಿಗಳು ಬಂದರು. ನನ್ನ ಎದುರಿಗೇ ಅದೇ ನಗು, ಅದೇ 'ಫ್ರೀ, ಫ್ರೀ'. ನನಗೆ ಅತ್ಯಂತ ಸಿಟ್ಟು ಬಂದದ್ದು ಆ ಗಳಿಗೆಯಲ್ಲಿ.

ಹೊರಗೆ ಬಂದು ಬೀದಿಯಲ್ಲಿ ಕೆಂಪು ಅಂಗಿ ತೊಟ್ಟು ಓಡಾಡುವ ಪ್ರವಾಸಿ ಮಾಹಿತಿ ಸಿಬ್ಬಂದಿಯನ್ನು ಹುಡುಕಿದೆ. ಒಬ್ಬ ಹಿರಿಯ ಹೆಂಗಸು ಸಿಕ್ಕರು. ಪೆಟ್ಟಿಗೆಯನ್ನು ಕನ್ನಡಕದ ಹತ್ತಿರ ಹಿಡಿದು ಓದಿ, ಮೇಲಿನದು ತಯಾರಿಕೆ, ಕೆಳಗಿನದು ಬಳಸಬಹುದಾದ ಕೊನೆಯ ದಿನ ಎಂದರು. ಎರಡು ಮಾತಿಲ್ಲ. ಅಲ್ಲಿನ ನಿಯಮದ ಪ್ರಕಾರ ಪೊಟ್ಟಣದ ಮೇಲೆ ಒಂದೋ ಕೊನೆಯ ದಿನಾಂಕ ಇರಬೇಕು, ಇಲ್ಲವೇ ತಯಾರಾದ ದಿನಾಂಕದ ಜೊತೆಗೆ ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದು ಅನ್ನುವುದು ಇರಬೇಕು. ಅವರೇ 1330ಕ್ಕೆ ಫೋನ್ ಮಾಡಿ ಎಂದರು. ಕೊರಿಯಾ ಪ್ರವಾಸೋದ್ಯಮ ಸಂಸ್ಥೆ ಪ್ರವಾಸಿಗಳಿಗಾಗಿ ನಡೆಸುವ ಸಹಾಯವಾಣಿ ಅದು. ದಿನವಿಡೀ ಇರುತ್ತದೆ, ಇಂಗ್ಲಿಷ್‌ನಲ್ಲೂ ಮಾತಾಡುತ್ತಾರೆ, ನಿಮ್ಮ ಮತ್ತು ಅಂಗಡಿಯವರ ನಡುವೆ ಭಾಷಾಂತರವನ್ನೂ ಮಾಡುತ್ತಾರೆ.

ಮತ್ತೆ ಅಂಗಡಿಗೆ ಹೋಗಿ 1330ಕ್ಕೆ ಕರೆ ಮಾಡಿ, ಫೋನನ್ನು ಸ್ಪೀಕರಿಗೆ ಹಾಕಿ ಕೌಂಟರಿನ ಮೇಲಿಟ್ಟೆ. ಆ ಕಡೆಯ ಹೆಣ್ಣುಮಗಳು ಕೊರಿಯನ್‌ನಲ್ಲಿ ಶಾಂತವಾಗಿ ಏನೋ ಹೇಳುತ್ತಿದ್ದಂತೆ ಮ್ಯಾನೇಜರಿನ ಧ್ವನಿ ಇಳಿಯಿತು. ತೆರಿಗೆಯ ನೆಪವೂ ಬಿದ್ದುಹೋಯಿತು. ಪಾಸ್‌ಪೋರ್ಟ್ ತೆಗೆದುಕೊಂಡು ಹಳೆಯ ಬಿಲ್ ರದ್ದು ಮಾಡಿ, ತೆರಿಗೆಯನ್ನು ಸರಿಹೊಂದಿಸಿ, ಕ್ರೀಮ್ ಬಿಟ್ಟು ಹೊಸ ಬಿಲ್ ಹಾಕಿದರು. ಆಗುವುದೇ ಇಲ್ಲ ಎಂದಿದ್ದ ಕೆಲಸ ಅದೇ ಯಂತ್ರದಲ್ಲಿ ಆಯಿತು. ಆಂಪೂಲಿನ ವಿಷಯಕ್ಕೆ ಮಾತ್ರ ಜಗ್ಗಲಿಲ್ಲ. ಎರಡು ಕೊಟ್ಟಿದ್ದೇವೆ ಎಂದೇ ಸಾಧಿಸಿದರು. ತಲೆಯ ಮೇಲೆಯೇ ಕ್ಯಾಮೆರಾ ಇತ್ತು, ಅದನ್ನು ನೋಡಿ ಎಂದರೂ ನೋಡಲಿಲ್ಲ. ಆ 27,000 ವಾನ್ ಇವತ್ತಿಗೂ ಬಂದಿಲ್ಲ.

ಒಂದು ವಿಷಯ ತಿಳಿದಿರಲಿ. ಕೊರಿಯಾದಲ್ಲಿ ಆನ್‌ಲೈನ್‌ನಲ್ಲಿ ಕೊಂಡ ಸಾಮಾನನ್ನು ಸಾಮಾನ್ಯವಾಗಿ 7 ದಿನದೊಳಗೆ ಬೇಡವೆಂದು ಹಿಂದಿರುಗಿಸುವ ಹಕ್ಕು ಕಾನೂನಿನಲ್ಲಿದೆ. ಅಂಗಡಿಗೇ ಹೋಗಿ ಕೊಂಡರೆ ಆ ಹಕ್ಕು ಇಲ್ಲ. ಮನಸ್ಸು ಬದಲಾಯಿತು ಎಂದರೆ ವಾಪಸ್ ತಗೊಳ್ಳುವುದು ಬಿಡುವುದು ಅಂಗಡಿಯವರ ಇಷ್ಟ. ಅವಧಿ ಮುಗಿದದ್ದು, ಕೆಟ್ಟದ್ದು ಹಾಗಲ್ಲ. ಅಲ್ಲಿನ ಗ್ರಾಹಕ ವಿವಾದ ಪರಿಹಾರ ಮಾನದಂಡದಲ್ಲೇ ಇದಕ್ಕೆ ಬದಲಿ ಸಾಮಾನು ಇಲ್ಲವೇ ಹಣ ವಾಪಸ್ ಎಂದಿದೆ. ಇವೆರಡನ್ನೂ 'ವಾಪಸ್ ಇಲ್ಲ' ಎಂಬ ಒಂದೇ ಮಾತು ಹೇಳಿ ಮುಚ್ಚಿಹಾಕಲು ನೋಡುತ್ತಾರೆ, ಬಿಡಬೇಡಿ.

ಹಾಗಾಗಿ ಕೌಂಟರಿನಲ್ಲಿ ಹಿಂದೆ ಎಷ್ಟೇ ಜನ ನಿಂತಿರಲಿ, ಪ್ರತಿ ಪೆಟ್ಟಿಗೆಯ ತಳ ನೋಡಿ. ಚೀಟಿ ಅಂಟಿಸಿದ್ದರೆ ಅವರ ಕೈಯಲ್ಲೇ ಕೀಳಿಸಿ. ಟೇಪ್ ಹಾಕುವ ಮುಂಚೆ ರಸೀದಿಯ ಸಾಲುಗಳನ್ನೂ ಸಾಮಾನನ್ನೂ ಹೊಂದಿಸಿ ಎಣಿಸಿ, ಸಾಮಾನು ಮತ್ತು ರಸೀದಿ ಒಟ್ಟಿಗೆ ಕಾಣುವಂತೆ ಅಲ್ಲೇ ಒಂದು ಫೋಟೊ ತೆಗೆಯಿರಿ. ನನ್ನ ಬಳಿ ಅಂಥ ಫೋಟೊ ಒಂದಿದ್ದರೆ ಆಂಪೂಲಿನ ಹಣವೂ ಬರುತ್ತಿತ್ತು. ಆಗಲೇ ಊರಿಗೆ ಮರಳಿದ್ದೀರಿ, ಚೀಲ ಈಗ ಬಿಚ್ಚುತ್ತಿದ್ದೀರಿ ಅಂತಾದರೂ ಸುಮ್ಮನಾಗಬೇಡಿ. ಹೊರದೇಶದಿಂದ +82-2-1330ಕ್ಕೆ ಕರೆ ಮಾಡಬಹುದು. ರಸೀದಿ ಕೈಯಲ್ಲಿಟ್ಟುಕೊಂಡು ಮಾಡಿ.