ಟ್ರೋಮ್ಸೊದ ನೀಲಿ ಕೋಣೆ: ಮೂರು ಚಳಿಗಾಲ ಉಳಿದ ಮೇಲೆ

ನಾರ್ವೆಯ ಟ್ರೋಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಕೆಲಸದ ಮೇಲೆ ನಾನು ಹೋಗಬೇಕಾಗಿದ್ದು ಸರಿಯಾಗಿ ಆಗಲೇ. ಮೂರು ವರ್ಷ, ಪ್ರತಿ ಸಲ ಡಿಸೆಂಬರ್ ಮಧ್ಯದಿಂದ ಸುಮಾರು ಆರು ವಾರ. ಮೂರೂ ಸಲ ಉಳಿದಿದ್ದು ಒಂದೇ ಮರದ ಮನೆಯ ಮಹಡಿ ಕೋಣೆಯಲ್ಲಿ.

ಗೋಡೆಗೆ ತಿಳಿ ನೀಲಿ ಬಣ್ಣ. ದಕ್ಷಿಣಕ್ಕೆ ದೊಡ್ಡ ಕಿಟಕಿ. ಟ್ಯೂಬ್‌ಲೈಟ್ ಇಲ್ಲ, ಹಳದಿ ಬೆಳಕಿನ ಮೂರು ಪುಟ್ಟ ದೀಪ ಅಷ್ಟೇ. ಮೊದಲ ದಿನ ಜಿಪುಣತನ ಅಂದುಕೊಂಡೆ. ಆಮೇಲೆ ಗೊತ್ತಾಯಿತು. ಹನ್ನೊಂದರ ಹೊತ್ತಿಗೆ ಬೆಟ್ಟದ ಅಂಚು ಗುಲಾಬಿ ಆಗುತ್ತದೆ. ನಡು ಮಧ್ಯಾಹ್ನ ಕಿಟಕಿ ಪಕ್ಕ ಕೂತರೆ ಪುಸ್ತಕ ಓದಬಹುದು. ಒಂದೂವರೆಗೆಲ್ಲ ಹಿಮ, ಆಕಾಶ, ಗೋಡೆ ಎಲ್ಲ ಒಂದೇ ನೀಲಿ. ಆಗ ಕಿಟಕಿಯ ದೀಪ ಹಚ್ಚಿದರೆ ಮೇಜಿನ ಮೇಲೆ ಒಂದು ತಟ್ಟೆಯಷ್ಟು ಹಳದಿ ಬೆಳಕು. ಎರಡಕ್ಕೆ ಅಮ್ಮನ ಫೋನ್. ಊರಲ್ಲಿ ಆಗ ಸಂಜೆ ಆರೂವರೆ, ದೇವರಿಗೆ ದೀಪ ಹಚ್ಚಿ ಬಂದಿರುತ್ತಿದ್ದರು. "ನಿಂಗೂ ಕತ್ತಲಾಯ್ತೇನೇ?" ಅನ್ನೋರು.

ಚಳಿ ಅಂದುಕೊಂಡಷ್ಟಿಲ್ಲ. ಬೆಚ್ಚಗಿನ ಕಡಲಿನ ನೀರು ಉತ್ತರಕ್ಕೆ ಹರಿದು ಬರುವುದರಿಂದ ಜನವರಿಯ ಸರಾಸರಿ ಮೈನಸ್ 4 ಡಿಗ್ರಿ ಆಸುಪಾಸು. ಬಚ್ಚಲುಮನೆಯ ನೆಲವೂ ಬೆಚ್ಚಗಿರುತ್ತದೆ, ಅದೊಂದು ಸುಖ. ಹೊರಗಿನ ಮೆಟ್ಟಿಲು ಮಾತ್ರ ಗಾಜಿನ ಹಾಗೆ. ಬೂಟಿಗೆ ಕಟ್ಟುವ ಮುಳ್ಳುಪಟ್ಟಿ ಅಲ್ಲೇ ಅಂಗಡಿಯಲ್ಲಿ ಸಿಗುತ್ತದೆ, ತಗೊಳ್ಳಿ. ನಾನು ಬಿದ್ದ ಮೇಲೆ ತಗೊಂಡೆ.

ಅಡುಗೆಮನೆ ಎಲ್ಲರಿಗೂ ಸೇರಿದ್ದು. ಸಾಸಿವೆ ಸಿಡಿಸಿ ಒಣಮೆಣಸಿನಕಾಯಿ ಹಾಕಿದ್ದೇ ತಡ, ಹೊಗೆ ಅಲಾರಂ ಕಿರುಚಿಕೊಂಡಿತು. ಅವತ್ತಿಂದ ಮೊಸರನ್ನಕ್ಕೆ ಒಗ್ಗರಣೆ ಇಲ್ಲ.

ದೊಡ್ಡ ದೂರು ಬೇರೆ. ಮೂರನೇ ವರ್ಷ ಹೋಗಿ ನೋಡಿದರೆ ಸೀಲಿಂಗ್‌ಗೆ ಹಸಿರು-ನೇರಳೆ ಎಲ್‌ಇಡಿ ಪಟ್ಟಿ! ಇಲ್ಲಿನ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು, ನಾರ್ದರ್ನ್ ಲೈಟ್ಸ್ ಅಂತಾರಲ್ಲ, ಅದರ ನಕಲಂತೆ. ಮೋಡವಿಲ್ಲದ ರಾತ್ರಿ ಕಿಟಕಿಯಾಚೆ ಅಸಲಿಯೇ ಕುಣಿಯುವ ಊರಲ್ಲಿ ಇದ್ಯಾಕೆ ಬೇಕಿತ್ತು ಅಲ್ವಾ? ಸಾಲದ್ದಕ್ಕೆ ಅದಕ್ಕೆ ಬೇರೆ ಸ್ವಿಚ್ಚೂ ಇಲ್ಲ, ಮಂಚದ ಪಕ್ಕದ ದೀಪದ ಜೊತೆಗೇ ಹತ್ತುತ್ತಿತ್ತು.

ಜನವರಿ 21ಕ್ಕೆ ಊರಿನವರು ಸೂರ್ಯ ವಾಪಸ್ ಬಂದ ಖುಷಿಗೆ ಜಾಮ್ ತುಂಬಿದ ಸಿಹಿ ಬನ್ನು ತಿನ್ನುತ್ತಾರೆ. ಮನೆಯೊಡತಿ ನನಗೂ ಒಂದು ತಂದುಕೊಟ್ಟರು. ಅದರ ಮುಲಾಜಿಗೆ ಆಗ ಪಟ್ಟಿಯ ಮಾತೆತ್ತಲಿಲ್ಲ. ಈ ಡಿಸೆಂಬರ್‌ಗೂ ಅದೇ ಕೋಣೆ ಬುಕ್ ಮಾಡಿದ್ದೇನೆ. ಪಟ್ಟಿ ತೆಗೆಸಿಡಿ ಅಂತ ಈ ಸಲ ಮೊದಲೇ ಬರೆದಿದ್ದೇನೆ.